ಪಕ್ಕದ ಮನೆಯ ಗೌರವ್ವ

ಹುಬ್ಬಳ್ಳಿ
18 ನವೆಂಬರ್ 2007

ಪ್ರೀತಿಯ ಶಾಂಭವಿ,

ನರಗುಂದದ ಸೊಸೆಯಾದ ಮೇಲೆ ನೀನು ಗಜೇಂದ್ರಗಡದವರನ್ನೆಲ್ಲ ಮರೆತಿದ್ದೀಯ ಅಂತ ನಿಮ್ಮಪ್ಪನ ಮುಂದೆ ದೂರು ಹೇಳಿ ಬಂದಿದ್ದೇನೆ. ಗುರುಸಂಗಪ್ಪ ಕಾಕಾ ಮಗ್ಗದಿಂದ ತಲೆ ಎತ್ತದೆಯೇ, "ಆಕಿ ಆರಾಮ ಅದಾಳವಾ. ಗೊಬ್ಬರದ ಅಂಗಡಿ ಸಾವಕಾರ್ರ ಹೆಂಡ್ತಿ ಈಗ, ಪತ್ರಾ ಬರಿಯಾಕ ಪುರಸೊತ್ತೆಲ್ಲಿ?" ಅಂದರು. ಸಾವಕಾರತಿಯವರೇ, ಬಡ ನರ್ಸಿನ ಪತ್ರಕ್ಕೆ ಉತ್ತರ ಬರೆಯುವ ಕೃಪೆ ಮಾಡಬೇಕು.

ಹೌದು, ನಾನೀಗ ನರ್ಸ್. ಟ್ರೇನಿಂಗ್ ಮುಗಿಸಿ ಇಲ್ಲೊಂದು ಖಾಸಗಿ ದವಾಖಾನೆಯ ಕ್ಯಾಜುಯಲ್ಟಿಯಲ್ಲಿ ಸೇರಿದ್ದೇನೆ. ಬಿದ್ದವರು, ಸುಟ್ಟುಕೊಂಡವರು, ಹಾವು ಕಚ್ಚಿದವರು, ಎಲ್ಲರೂ ಮೊದಲು ನಮ್ಮಲ್ಲಿಗೇ ಬರುವುದು. ಅಬ್ಬಾನಿಗೆ ಮಾತ್ರ ಸಮಾಧಾನವಿಲ್ಲ. ಗಾದಿ ಹೊಲಿಯುತ್ತ ಕೂತಲ್ಲೇ ಸೌದಿಯ ಕನಸು ಕಾಣುತ್ತಾನೆ. ಆಪರೇಷನ್ ಥಿಯೇಟರಿನ ಕೆಲಸ ಕಲಿತರೆ ಸೌದಿಯವರು ಕಣ್ಣು ಮುಚ್ಚಿ ಕರೆದುಕೊಳ್ಳುತ್ತಾರಂತೆ.

ಇವತ್ತು ನನಗೆ ತಲೆ ಕೆಟ್ಟಿದೆ, ಅದಕ್ಕೇ ಬರೆಯುತ್ತಿರುವುದು. ಒಬ್ಬ ಹೆಂಗಸು ಬಂದಿದ್ದಳು, ತುಟಿ ಒಡೆದು, ಬೆನ್ನ ಮೇಲೆ ಬೆಲ್ಟಿನ ಗುರುತು. ಯಾರು ಹೊಡೆದರು ಅಂತ ಕೇಳಿದರೆ ನೆಲ ನೋಡುತ್ತಾಳೆ. ಪೊಲೀಸರಿಗೆ ತಿಳಿಸುವ ಪುಸ್ತಕದಲ್ಲಿ ಹೆಸರು ಬರೆಯಬೇಕು. "ಹೆಸರು ಹೇಳ್ರಿ, ಹೆಸರು" ಅಂತ ನಾನು ದನಿ ಏರಿಸಿದ ಹಾಗೆಲ್ಲ ಆಕೆ ಸೆರಗು ಕಚ್ಚಿದಳು. ಕೊನೆಗೆ "ಗುರುತಿಲ್ಲದವರಿಂದ ಪೆಟ್ಟು" ಅಂತ ಬರೆಸಿ ಕಳಿಸಿಬಿಟ್ಟೆ. ಹೋಗುವಾಗ ತಿರುಗಿ ನೋಡಿದ ಆ ನೋಟ ಮಾತ್ರ ಹೋಗುತ್ತಿಲ್ಲ. ಇಂಥ ದಡ್ಡರಿಗೆ ಸಹಾಯ ಮಾಡುವುದಾದರೂ ಹೇಗೆ?

ನಿನ್ನ ಮದುವೆಯ ಒಡಪು ನೆನಪಿದೆಯೇ? ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಅಂತ ನಾವೆಲ್ಲ ಬಾಗಿಲಿಗೆ ಅಡ್ಡ ನಿಂತಾಗ, ನೀನು ಒಂದು ಚೂರೂ ತಡವರಿಸದೆ ಹಾಕಿದೆ:

"ಗಜೇಂದ್ರಗಡದ ಗುಡ್ಡಕ್ಕ ಮೆಟ್ಟಿಲ ಭಾಳ ಅದಾವಪ್ಪ,
ಏರೂ ಮುಂದ ಕೈ ಹಿಡದವರು ನಮ್ಮ ಅಂದಾನೆಪ್ಪ."

ಅವರ ಮುಖ ಕೆಂಪಾಗಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಲಗೂ ಉತ್ತರ ಬರಿ.

ನಿನ್ನ
ಕೌಸರ

*

ನರಗುಂದ
5 ಡಿಸೆಂಬರ್ 2007

ಕೌಸೂ,

ಆಕೆ ದಡ್ಡಿಯಲ್ಲ, ನೀನು ದಡ್ಡಿ. ಗುಡ್ಡದಷ್ಟು ಪುಸ್ತಕ ಓದಿ ಓಣಿಯ ಬುದ್ಧಿ ಕಳೆದುಕೊಂಡಿದ್ದೀಯ.

ನಿಮ್ಮಮ್ಮ ನಿಮ್ಮಪ್ಪನನ್ನು ಏನೆಂದು ಕರೆಯುತ್ತಾಳೆ? "ಕೌಸರನ ಅಬ್ಬಾ" ಅಂತ ತಾನೇ? ಇಷ್ಟು ವರ್ಷದಲ್ಲಿ ಒಂದು ದಿನವಾದರೂ ಆಕೆಯ ಬಾಯಲ್ಲಿ "ಕಾಶೀಂಸಾಬ" ಅಂತ ಬಂದದ್ದು ಕೇಳಿದ್ದೀಯಾ? ನಮ್ಮವ್ವ ರೇಷನ್ ಅಂಗಡಿಯಲ್ಲಿ ಅಪ್ಪನ ಹೆಸರು ಹೇಳಲಾರದೆ ನನ್ನನ್ನು ಮುಂದೆ ನೂಕುತ್ತಿದ್ದಳು. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಅಂತ ತಲೆಯಲ್ಲಿ ತುಂಬಿರುತ್ತಾರೆ. ಬೆಲ್ಟಿನಿಂದ ಹೊಡೆಯುವವನ ಆಯುಷ್ಯದ ಕಾಳಜಿ ಆಕೆಗೇಕೆ ಅಂತ ನೀನು ಕೇಳಬಹುದು. ನಾಲಿಗೆ ಏಳುವುದಿಲ್ಲ, ಅಷ್ಟೇ.

ಆದ್ದರಿಂದ ಹೆಸರು ಕೇಳಬೇಡ. "ಮನಿಯಾವ್ರಾ?" ಅಂತ ಮೆಲ್ಲಗೆ ಕೇಳು. ತಲೆ ಅಲ್ಲಾಡಿಸುತ್ತಾಳೆ. ಆಮೇಲೂ ಹೆಸರೇ ಬೇಕೆಂದರೆ, ಒಡಪು ಹಾಕು ಅನ್ನು. ನಗಬೇಡ. ಒಡಪಿನಲ್ಲಿ ಹೇಳಿದ ಹೆಸರಿಗೆ ದೋಷವಿಲ್ಲ. ಮತ್ತು ಅತ್ತೆಯೋ ಗಂಡನೋ ಪಕ್ಕದಲ್ಲಿ ನಿಂತಿದ್ದರೆ ಏನೂ ಕೇಳಬೇಡ. ನೀನು ಕೇಳಿದ್ದಕ್ಕೆ ಮನೆಗೆ ಹೋದ ಮೇಲೆ ಆಕೆ ಉತ್ತರ ಕೊಡಬೇಕಾಗುತ್ತದೆ.

ನಾನು ಆರಾಮ. ನಿನ್ನ ಪತ್ರ ಒಡೆದೇ ನನ್ನ ಕೈಗೆ ಬಂತು. ನಮ್ಮಲ್ಲಿ ಎಲ್ಲ ಪತ್ರಗಳನ್ನೂ ಮೊದಲು ಇವರೇ ಓದುತ್ತಾರೆ. ಆದ್ದರಿಂದ ನಿನ್ನ ಅಕ್ಷರ ಸ್ವಲ್ಪ ಚೆನ್ನಾಗಿರಲಿ. ಹೊಸ ಒಡಪು ತಗೋ:

"ಸಜ್ಜಿ ರೊಟ್ಟಿಗಿ ಬೆಣ್ಣಿ ಹಚ್ಚಿದರ ಹಸಿವಿ ಹಿಂಗತೈತಪ್ಪ,
ಸಂಜಿ ಆದರ ಹಾದಿ ನೋಡಸಾವರು ನಮ್ಮ ಅಂದಾನೆಪ್ಪ."

ನಿನ್ನ
ಶಾಂಭವಿ

*

ಹುಬ್ಬಳ್ಳಿ
20 ಜನವರಿ 2008

ಗುರುವೇ,

ನಿನ್ನ ವಿದ್ಯೆ ಕೆಲಸ ಮಾಡಿತು! ಮೊನ್ನೆ ಕೈ ಸುಟ್ಟುಕೊಂಡ ಹುಡುಗಿಯೊಬ್ಬಳು ಬಂದಳು, ಬೆನ್ನಿಗೆ ಅಂಟಿಕೊಂಡು ಗಂಡ. ಅವನ ಕೈಗೆ ಔಷಧದ ಚೀಟಿ ಕೊಟ್ಟು, ನಮ್ಮ ಮೆಡಿಕಲ್ಲಿನಲ್ಲಿ ಸಿಗುವುದಿಲ್ಲ, ಮಾರುಕಟ್ಟೆಗೇ ಹೋಗಬೇಕು ಅಂತ ಓಡಿಸಿದೆ. ಆಮೇಲೆ ಸ್ಟೂಲಿನ ಮೇಲೆ ಕೂತು, ಅವಳ ಕಣ್ಣಿಗಿಂತ ಕೆಳಗೆ ಬಗ್ಗಿ, "ಮನಿಯಾವ್ರಾ?" ಅಂದೆ. ಅಷ್ಟೇ. ಹಳ್ಳ ಬಂದ ಹಾಗೆ ಮಾತು ಬಂತು.

ಅವಳು ಈಗ ತವರಿನಲ್ಲಿದ್ದಾಳೆ. ಮನೆಯೊಳಗಿನ ಹೊಡೆತ ತಡೆಯುವ ಹೊಸ ಕಾನೂನಿನ ವಿಷಯ ನನಗೂ ಈಗ ತಿಳಿಯಿತು. ತಾಲೂಕಿಗೊಬ್ಬರು ಸಂರಕ್ಷಣಾಧಿಕಾರಿ ಇರುತ್ತಾರೆ. ಹೊಡೆಯಬಾರದು ಅಂತ ಕೋರ್ಟೇ ಆದೇಶ ಕೊಡುತ್ತದೆ. ಮನೆ ಗಂಡನ ಹೆಸರಿನಲ್ಲಿದ್ದರೂ ಹೆಂಡತಿಯನ್ನು ಬೀದಿಗೆ ಹಾಕುವಂತಿಲ್ಲ.

ಥಿಯೇಟರಿಗೆ ಹೋಗು ಅಂತ ನಮ್ಮ ಮೇಟ್ರನ್ ಹೇಳುತ್ತಿದ್ದಾರೆ. ಅಲ್ಲಿ ಪೇಷಂಟು ಮಲಗಿರುತ್ತಾನೆ, ಮಾತೇ ಇಲ್ಲ. ಶಾಂಭವಿ, ನನ್ನಂಥ ಬಾಯಿಬಡುಕಿ ಮಾತಿಲ್ಲದ ಕಡೆ ಹೇಗೆ ಬದುಕಲಿ? ಅಬ್ಬಾನಿಗೆ ಇನ್ನೂ ಹೇಳಿಲ್ಲ.

ನಿನ್ನ ಒಡಪನ್ನು ಇಡೀ ಡ್ಯೂಟಿ ರೂಮಿಗೆ ಓದಿ ಹೇಳಿದೆ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂದರು ಎಲ್ಲರೂ.

ಕೌಸರ

*

ನರಗುಂದ
9 ಆಗಸ್ಟ್ 2008

ಕೌಸೂ,

ಇಷ್ಟು ತಿಂಗಳು ಬರೆಯಲಾಗಲಿಲ್ಲ, ಕ್ಷಮಿಸು. ಮನೆಕೆಲಸ.

ಒಂದು ಮಾತು ಕೇಳಬೇಕಿತ್ತು. ನಮ್ಮ ಪಕ್ಕದ ಮನೆಯಲ್ಲಿ ಗೌರವ್ವ ಅಂತ ಇದ್ದಾಳೆ. ಆಕೆಗೆ ಕಪಾಳಕ್ಕೆ ಪೆಟ್ಟು ಬಿದ್ದಾಗಿನಿಂದ ಎಡಗಿವಿಯಲ್ಲಿ ಗುಂಯ್ ಅನ್ನುತ್ತದಂತೆ. ಸರಿಯಾಗಿ ಕೇಳುವುದೂ ಇಲ್ಲ. ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತೇನೆ ಅನ್ನುತ್ತಾಳೆ. ಬಿಡಬಹುದೇ? ನೀನು ನರ್ಸ್ ಅಂತ ನಾನೇ ಹೇಳಿದ್ದೆ, ಅದಕ್ಕೆ ಕೇಳಿದಳು.

ಶಾಂಭವಿ

*

ಹುಬ್ಬಳ್ಳಿ
14 ಆಗಸ್ಟ್ 2008

ಪ್ರೀತಿಯ ಶಾಂಭವಿ,

ಎಣ್ಣೆ ಬಿಡಲೇಬಾರದು. ಕಿವಿಯ ತಮಟೆ ಹರಿದಿರಬಹುದು. ತಲೆಗೆ ನೀರು ಹಾಕಿಕೊಳ್ಳುವಾಗ ಕಿವಿಯೊಳಗೆ ನೀರು ಹೋಗದಂತೆ ಹತ್ತಿ ಇಟ್ಟುಕೊಳ್ಳಲಿ. ಜೋರಾಗಿ ಮೂಗು ಸೀಟಬಾರದು. ಬಹಳ ಮಟ್ಟಿಗೆ ತಾನಾಗಿಯೇ ಕೂಡುತ್ತದೆ. ಆದರೆ ಕಿವಿಯ ಡಾಕ್ಟರಿಗೆ ಒಮ್ಮೆ ತೋರಿಸಲೇಬೇಕು ಅಂತ ಗೌರವ್ವನಿಗೆ ನನ್ನ ಪರವಾಗಿ ಕೈ ಮುಗಿದು ಹೇಳು.

ಇನ್ನೊಂದು ಮಾತನ್ನೂ ಹೇಳು. ಪೆಟ್ಟು ತಿಂದದ್ದು ಅವಳ ತಪ್ಪಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಅಲ್ಲ, ಎದುರು ಮಾತಾಡಿದರೂ ಅಲ್ಲ.

ಈ ಸಲ ನಿನ್ನ ಪತ್ರದಲ್ಲಿ ಒಡಪು ಇರಲಿಲ್ಲ. ಇರಲಿ, ಅದನ್ನು ನಾನು ಕೇಳುವುದಿಲ್ಲ. ಗೌರವ್ವನ ಬಗ್ಗೆ ಮಾತ್ರ ಬರೆಯುತ್ತಿರು. ನೋಡದಿದ್ದರೂ ನನಗೇಕೋ ಅವಳು ಬಾಲವಾಡಿಯಿಂದ ಗೊತ್ತಿರುವವಳಂತೆ ಅನಿಸುತ್ತಾಳೆ. ಪಂಚಮಿಗೆ ಉಂಡಿ ಕಟ್ಟಿದಳೇ? ಜೋಕಾಲಿ ಆಡಿದಳೇ?

ಕೌಸರ

*

ನರಗುಂದ
2 ನವೆಂಬರ್ 2008

ಕೌಸೂ,

ಗೌರವ್ವನ ಕಿವಿ ವಾಸಿಯಾಯಿತು. ಎಣ್ಣೆ ಬಿಡಿಸಿಕೊಳ್ಳಲಿಲ್ಲ. ಅತ್ತೆಯ ಮುಂದೆ ನಿದ್ದೆ ಬಂದಂತೆ ನಟಿಸಿ ತಪ್ಪಿಸಿಕೊಂಡಳು. ಬಹಳ ಚಾಲಾಕಿ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಗೌರವ್ವ ದಪ್ಪಗಿದ್ದಾಳೆ, ಮೂಗಿನಲ್ಲಿ ದೊಡ್ಡ ನತ್ತು, ರೊಟ್ಟಿ ಬಡಿದರೆ ಓಣಿಗೆಲ್ಲ ಕೇಳಬೇಕು. ಪಂಚಮಿಗೆ ಜೋಕಾಲಿ ಆಡಿದಳು, ಎಲ್ಲರಿಗಿಂತ ಎತ್ತರಕ್ಕೆ. ಅವಳಿಗೆ ಯಾರ ಭಯವೂ ಇಲ್ಲ. ನನಗೂ ಅವಳ ಹಾಗೆ ಇರಬೇಕು ಅನಿಸುತ್ತದೆ.

ಅವಳ ಗಂಡನೂ ಕೆಟ್ಟವನಲ್ಲ ಕೌಸೂ. ಊರಿನಲ್ಲಿ ಒಳ್ಳೆಯ ಹೆಸರು. ಅಂಗಡಿಗೆ ಬಂದ ರೈತರಿಗೆ ಚಹಾ ಕುಡಿಸದೆ ಕಳಿಸುವುದಿಲ್ಲ. ಹೊಡೆದ ಮರುದಿನ ಜಿಲೇಬಿ ತರುತ್ತಾನೆ, ಕಣ್ಣೀರು ಹಾಕುತ್ತಾನೆ. ಆ ದಿನಗಳಲ್ಲಿ ಎಲ್ಲ ಸರಿಹೋಯಿತು ಅನಿಸುತ್ತದೆ. ಅವಳ ಅಪ್ಪನಿಗೆ ಒಮ್ಮೆ ಹೇಳಿ ನೋಡಿದಳು. "ಗಂಡ ಹೆಂಡಿರ ಜಗಳ ಉಂಡು ಮಲಗೂ ತನಕ, ಹೊಂದಿಕೊಂಡ ಹೋಗವಾ" ಅಂದರಂತೆ. ಅವರಿಗೇನು ಗೊತ್ತು? ಜಗಳ ಶುರುವಾಗುವುದೇ ಉಂಡ ಮೇಲೆ.

ಅವಳು ಮನೆ ಬಿಟ್ಟರೆ ಎಲ್ಲಿಗೆ ಹೋಗಬೇಕು? ಪಿಯುಸಿ ಓದಿದವಳಿಗೆ ಏನು ಕೆಲಸ ಸಿಗುತ್ತದೆ? ಸುಮ್ಮನೆ ಕೇಳಿದೆ.

ಶಾಂಭವಿ

*

ನರಗುಂದ
11 ಜನವರಿ 2009

ಕೌಸರಬಾನು ಅವರಿಗೆ,

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಮನೆಯವರೆಲ್ಲರೂ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಇನ್ನು ಮುಂದೆ ತಾವು ಪತ್ರ ಬರೆಯಬಾರದು. ನಮ್ಮ ಓಣಿಯಲ್ಲಿ ಗೌರವ್ವ ಎಂಬವರು ಯಾರೂ ಇರುವುದಿಲ್ಲ.

ಇತಿ,
ಶಾಂಭವಿ ಕೋಂ ಅಂದಾನೆಪ್ಪ

*

ಹುಬ್ಬಳ್ಳಿ
3 ಮಾರ್ಚ್ 2009

ಶಾಂಭವಿ,

ಈ ಪತ್ರ ಅಂಚೆಯವನ ಕೈಯಿಂದ ಬಂದಿಲ್ಲ, ನಮ್ಮ ಖಾಜಾಬಿ ಖಾಲಾ ಕೈಯಿಂದ ಬಂದಿದೆ. ನರಗುಂದದಲ್ಲಿ ಮನೆಮನೆಗೆ ಬಳೆ ತೊಡಿಸುವವಳು. ನಿನ್ನ ಅತ್ತೆಯೇ ಅವಳನ್ನು ಒಳಗೆ ಕರೆದು ಚಹಾ ಕೊಡುತ್ತಾಳಂತೆ. ಓದಿ ಒಲೆಗೆ ಹಾಕು. ಉತ್ತರವನ್ನು ಅವಳ ಬಳೆಯ ಬುಟ್ಟಿಯಲ್ಲಿ ಇಡು. ಅವಳಿಗೆ ಓದಲು ಬರುವುದಿಲ್ಲ, ಏನನ್ನೂ ಕೇಳುವುದಿಲ್ಲ.

ಜನವರಿಯ ಪತ್ರ ನೋಡಿ ಎರಡು ದಿನ ಅನ್ನ ಇಳಿಯಲಿಲ್ಲ. ಕೈ ನಿನ್ನದು, ಬಾಯಿ ಬೇರೆಯವರದು. ನೀನು ಜನ್ಮದಲ್ಲಿ ನನ್ನನ್ನು "ತಾವು" ಅಂದಿಲ್ಲ. ಒಡಪಿಲ್ಲದೆ ಆ ಹೆಸರು ಬರೆಯದ ನಿನ್ನಿಂದ "ಕೋಂ ಅಂದಾನೆಪ್ಪ" ಬರೆಸಿದ್ದಾರಲ್ಲ!

ನನ್ನಿಂದ ಏನಾದರೂ ತಪ್ಪಾಯಿತೇ? ಡಿಸೆಂಬರಿನ ಪತ್ರದಲ್ಲಿ ಗೌರವ್ವನಿಗೆ ಎಂದು ಅಷ್ಟೆಲ್ಲ ದಾರಿಗಳನ್ನು ಬರೆದಿದ್ದೆ. ಪತ್ರ ಓದುವವರಿದ್ದಾರೆ ಅಂತ ಗೊತ್ತಿದ್ದೂ ಬರೆದೆ. ಪಕ್ಕದ ಮನೆಯ ಮಾತಲ್ಲವೇ, ಅವರೇನು ಅಂದಾರು ಅಂತ ಜಾಣತನ ಮಾಡಲು ಹೋದೆ. ಒಂದು ಸಾಲಾದರೂ ಬರಿ.

ಕೌಸರ

*

ನರಗುಂದ
ಏಪ್ರಿಲ್ 2009

ಕೌಸೂ,

ತಾರೀಖು ಗೊತ್ತಿಲ್ಲ, ಕ್ಯಾಲೆಂಡರು ಪಡಸಾಲೆಯಲ್ಲಿದೆ.

ನಿನ್ನ ಆಗಸ್ಟಿನ ಪತ್ರ ಅವರು ಊರಲ್ಲಿಲ್ಲದಾಗ ಬಂದಿತ್ತು. ಡಿಸೆಂಬರಿನದನ್ನು ಅವರೇ ಓದಿ ಮೊದಲು ನಕ್ಕರು. ಆಮೇಲೆ "ಯಾರಾಕಿ ಗೌರವ್ವ? ಕರಿ, ನೋಡೂಣು" ಅಂದರು. ಪಕ್ಕದ ಮನೆಗೆ ಹೋಗಿ ಕೇಳಿಬಂದರು. ಓಣಿಯ ಎರಡೂ ಕಡೆ ಕೇಳಿದರು. ತಿರುಗಿ ಬಂದು ಬಾಗಿಲ ಚಿಲಕ ಹಾಕಿದರು. ಮುಂದಿನದನ್ನು ಬರೆಯುವುದಿಲ್ಲ.

ತಪ್ಪು ನಿನ್ನದಲ್ಲ. ಗೌರವ್ವ ಯಾರು ಅಂತ ನಿನಗೆ ಮೊದಲ ದಿನವೇ ಗೊತ್ತಾಗಿತ್ತು ಅಲ್ಲವೇ? ಗೊತ್ತಾಗಿಯೂ ನೀನು ಸೆರಗು ಎಳೆಯಲಿಲ್ಲ. "ಶಾಂಭವಿ, ಅದು ನೀನೇ" ಅಂತ ಬರೆದಿದ್ದರೆ ನಾನು ಆವತ್ತೇ ಪತ್ರ ನಿಲ್ಲಿಸುತ್ತಿದ್ದೆ. ನಾಚಿಕೆಯಿಂದಲೇ ಸಾಯುತ್ತಿದ್ದೆ. ಗೌರವ್ವನ ಜೋಕಾಲಿ ಬಗ್ಗೆ ಬರೆದ ದಿನ ನಾನು ಬಹಳ ತಿಂಗಳ ಮೇಲೆ ನಕ್ಕಿದ್ದೆ.

ಫೋನು ಅವರ ಜೇಬಿನಲ್ಲೇ ಇರುತ್ತದೆ. ನನಗೆ ಹೆದರಿಕೆಯಾಗುತ್ತದೆ ಕೌಸೂ. ಹೋಗುವುದಕ್ಕೂ ಹೆದರಿಕೆ, ಇರುವುದಕ್ಕೂ ಹೆದರಿಕೆ. ಖಾಲಾ ಬಳೆ ತೊಡಿಸುವಾಗ ಬಾತ ನನ್ನ ಮುಂಗೈ ನೋಡಿ ಒಂದು ಅಳತೆ ದೊಡ್ಡ ಬಳೆ ಹಾಕಿದಳು.

ಶಾಂಭವಿ

*

ರೋಣ
7 ಜೂನ್ 2009

ನನ್ನ ಶಾಂಭವಿ,

ನನಗೆ ಸಿಟ್ಟು ಬಂದಿದೆ. ನಿನ್ನ ಮೇಲಲ್ಲ. ಆ ಒಡಪನ್ನು ಡ್ಯೂಟಿ ರೂಮಿನಲ್ಲಿ ಓದಿ ಹೇಳಿದ ನನ್ನ ಮೇಲೆ, "ಆರಾಮ ಅದಾಳ" ಅಂದ ನಿಮ್ಮಪ್ಪನ ಮೇಲೆ, ಜಿಲೇಬಿಯ ಮೇಲೂ. ಸಿಟ್ಟನ್ನು ಬದಿಗಿಟ್ಟು ಕೆಲಸದ ಮಾತು ಬರೆಯುತ್ತೇನೆ, ಗಮನವಿಟ್ಟು ಓದು.

ನಾನೀಗ ಹುಬ್ಬಳ್ಳಿಯಲ್ಲಿಲ್ಲ. ರೋಣದ ಸರಕಾರಿ ದವಾಖಾನೆಯಲ್ಲಿ ಗುತ್ತಿಗೆಯ ಮೇಲೆ ಸ್ಟಾಫ್ ನರ್ಸ್ ಆಗಿ ಸೇರಿದ್ದೇನೆ. ಸೌದಿಗೆ ಹೋಗುವುದಿಲ್ಲ ಅಂದಾಗ ಅಬ್ಬಾ ನನ್ನೊಡನೆ ಮಾತು ಬಿಟ್ಟ. ಆದರೆ ನನ್ನ ದಾರಿ ನನಗೆ ಸ್ಪಷ್ಟವಾಗಿದೆ. ಹೊಡೆತ ತಿಂದ ಹೆಂಗಸು ಪೊಲೀಸ್ ಠಾಣೆಗೆ ಹೋಗಲಿಕ್ಕಿಲ್ಲ, ವಕೀಲರ ಹತ್ತಿರ ಹೋಗಲಿಕ್ಕಿಲ್ಲ, ಆದರೆ ಮೂಳೆ ಮುರಿದರೆ ದವಾಖಾನೆಗೆ ಬರಲೇಬೇಕು. ಆ ಬಾಗಿಲಿನಲ್ಲಿ ನಾನು ಇರಬೇಕು.

ಇಲ್ಲಿ ರಾಜಮಾ ಸಿಸ್ಟರ್ ಅಂತ ಹಿರಿಯರಿದ್ದಾರೆ. ನಾನು ಬಂದ ಹೊಸದರಲ್ಲಿ ಬಾಯಿ ತೆರೆದರೆ ಬೈಯುತ್ತಿದ್ದರು. ಅವರಿಗೂ, ಉಳಿದ ಸಿಸ್ಟರ್‌ಗಳಿಗೂ ನೀನು ಕಲಿಸಿದ್ದನ್ನೆಲ್ಲ ಹೇಳಿಕೊಟ್ಟಿದ್ದೇನೆ. ಗಂಡನನ್ನು ಹೊರಗೆ ಕಳಿಸುವುದು, ಹೆಸರು ಕೇಳದಿರುವುದು, ಒಡಪು. ಇನ್ನೊಂದನ್ನೂ ಹೇಳಿದ್ದೇನೆ. ಡ್ರೆಸಿಂಗ್ ರೂಮಿಗೆ ಬಂದ ಯಾವ ಹೆಂಗಸಾದರೂ "ನಾನು ಗೌರವ್ವ" ಅಂದರೆ, ಅವಳನ್ನು ಆ ದಿನ ಬಂದವರ ಜೊತೆ ತಿರುಗಿ ಕಳಿಸುವಂತಿಲ್ಲ. ಸಂರಕ್ಷಣಾಧಿಕಾರಿಗೆ ಫೋನು ಹೋಗಬೇಕು. ನಾನು ಡ್ಯೂಟಿಯಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ನಾನು ರೋಣದಲ್ಲಿರುವುದು ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗದಿರಲಿ.

ಬಾ ಅಂತ ನಾನು ಒತ್ತಾಯ ಮಾಡುವುದಿಲ್ಲ. ಯಾವಾಗ ಎನ್ನುವುದು ನಿನಗೇ ಗೊತ್ತು. ಬಾಗಿಲು ಎಲ್ಲಿದೆ ಅಂತ ಮಾತ್ರ ಹೇಳಿದೆ. ಪಿಯುಸಿಗೆ ಏನು ಕೆಲಸ ಅಂತ ಕೇಳಿದ್ದೆಯಲ್ಲ? ಎ.ಎನ್.ಎಂ. ತರಬೇತಿಗೆ ಅದು ಸಾಕು. ಊರೂರು ತಿರುಗುವ ನರ್ಸಕ್ಕ ಆಗಬಹುದು. ಗೌರವ್ವನಿಗೆ ಹೇಳು.

ಕೌಸರ

*

ಹೊಳೆಮಣ್ಣೂರ
8 ಅಕ್ಟೋಬರ್ 2009

ಶಾಂಭವಿ,

ನಾಲ್ಕು ತಿಂಗಳಾಯಿತು, ನಿನ್ನಿಂದ ಒಂದು ಚೀಟಿ ಇಲ್ಲ. ಖಾಲಾಗೆ ಮೊಣಕಾಲು ನೋವು, ಬುಟ್ಟಿ ಹೊತ್ತು ತಿರುಗುತ್ತಿಲ್ಲವಂತೆ. ನನ್ನ ಕೊನೆಯ ಪತ್ರ ನಿನಗೆ ಮುಟ್ಟಿತೋ ಇಲ್ಲವೋ ಅದೂ ಗೊತ್ತಿಲ್ಲ.

ಮಲಪ್ರಭೆ ಊರೊಳಗೆ ಬಂದಿದ್ದು ಕೇಳಿರಬೇಕು. ನನ್ನನ್ನು ಇಲ್ಲಿನ ಪರಿಹಾರ ಕೇಂದ್ರಕ್ಕೆ ಹಾಕಿದ್ದಾರೆ. ಜ್ವರ, ವಾಂತಿಭೇದಿ, ಕೆಸರಿನ ಹುಣ್ಣು. ದಿನವಿಡೀ ಕಾಲುಗಳಿಗೆ ಮುಲಾಮು ಹಚ್ಚುತ್ತೇನೆ. ನಿನ್ನೆ ಒಬ್ಬ ಅಜ್ಜಿ, "ಮನಿ ಹೋತು, ಎತ್ತು ಉಳದಾವು, ನಡೀತೈತಿ ತಗೋ" ಅಂತ ನನಗೇ ಸಮಾಧಾನ ಹೇಳಿದಳು.

ನನ್ನ ಜೀವ ಮಾತ್ರ ರೋಣದ ಬಾಗಿಲಿನಲ್ಲಿದೆ. ನಾನು ಇಲ್ಲಿರುವಾಗಲೇ ನೀನು ಅಲ್ಲಿಗೆ ಬಂದು, ನನ್ನನ್ನು ಕಾಣದೆ ತಿರುಗಿ ಹೋದರೆ? ಈ ಪತ್ರವನ್ನು ಯಾರ ಕೈಗೂ ಕೊಡುವಂತಿಲ್ಲ, ಕಳಿಸಲು ದಾರಿಯಿಲ್ಲ. ಬರೆದರೆ ಹಗುರಾದೀತು ಅಂತ ಬರೆದೆ.

ಕೌಸರ

*

ಗಜೇಂದ್ರಗಡ
19 ಅಕ್ಟೋಬರ್ 2009

ಕೌಸೂ,

ಊರ ಹೆಸರು ನೋಡಿದೆಯಾ? ಇನ್ನೊಮ್ಮೆ ನೋಡು. ಅಪ್ಪನ ಮಗ್ಗದ ಪಕ್ಕದಲ್ಲಿ ಕೂತು, ದಿಂಬಿನಷ್ಟು ದೊಡ್ಡ ಪ್ಲಾಸ್ಟರಿನ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಹೋದ ಸೋಮವಾರ ಕೈ ಮುರಿಯಿತು. ನರಗುಂದದಲ್ಲಿ ತೋರಿಸಲು ಅವರಿಗೆ ನಾಚಿಕೆ. ದವಾಖಾನೆಯಲ್ಲಿ ಎಲ್ಲರೂ ಗುರುತಿನವರು, ಅರ್ಧ ಜನ ಅಂಗಡಿಯ ಗಿರಾಕಿಗಳು. ಗದಗಿಗೆ ಹೋಗೋಣ ಅಂದರು. ಅಲ್ಲಿ ಅವರ ಸೋದರಮಾವನ ಮಕ್ಕಳಿದ್ದಾರೆ ಅಂತ ನೆನಪಿಸಿದೆ. "ಹಂಗಾರ ರೋಣಕ್ಕ ಹೋಗೂಣು, ಅಲ್ಲಿ ನಮ್ಮನ್ನ ಯಾವ ನಾಯಿನೂ ಕೇಳೂದಿಲ್ಲ" ಅಂದರು. ನಾನು ತಲೆ ತಗ್ಗಿಸಿ ಕೂತೆ. ಹೌದು, ನಿನ್ನ ಜೂನಿನ ಪತ್ರ ಮುಟ್ಟಿತ್ತು. ನೋವಿನಲ್ಲೂ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಅವರಿಗೆ ಕೇಳಿಸೀತು ಅಂತ ಹೆದರಿದೆ.

ಡ್ರೆಸಿಂಗ್ ರೂಮಿನಲ್ಲಿ ನಿನ್ನನ್ನು ಹುಡುಕಿದೆ. ನೀನಿರಲಿಲ್ಲ. ಒಬ್ಬ ಹಿರಿಯ ಸಿಸ್ಟರ್, ಹುಬ್ಬು ಗಂಟಿಕ್ಕಿಕೊಂಡು, ಗಟ್ಟಿ ದನಿ. ಮುಗಿಯಿತು, ನನ್ನ ಹಣೆಬರಹ ಇಷ್ಟೇ ಅಂದುಕೊಂಡೆ.

ಮನೆಯವರು ಶುರು ಮಾಡಿದರು. "ಅಟ್ಟದ ಮ್ಯಾಲಿಂದ ಬಿದ್ದಾಳ್ರಿ. ಭಾಳ ಗಡಿಬಿಡಿ ಸ್ವಭಾವ್ರಿ ಆಕೀದು."

ಸಿಸ್ಟರ್ ನನ್ನ ಕಡೆ ನೋಡಲೂ ಇಲ್ಲ. "ಯಜಮಾನ್ರ, ಮದಲ ಚೀಟಿ ಮಾಡಸ್ಕೊಂಡ ಬರ್ರಿ. ಆಮ್ಯಾಲ ಬಸ್ ಸ್ಟ್ಯಾಂಡ ಕಡೆ ಮೆಡಿಕಲ್‌ದಾಗ ಈ ಪಟ್ಟಿ, ಪೌಡರ್ ತರ್ರಿ."

"ಯಾರನರ ಕಳಸ್ತೀನಲ್ಲ?"

"ಎಲಬಿನ ಕೆಲಸ್ರಿ ಇದು. ತಪ್ಪ ಸಾಮಾನ ತಂದ್ರ ಕೈ ಸೊಟ್ಟ ಆಕ್ಕೈತಿ. ನೀವ ಹೋಗ್ರಿ, ಲಗೂ."

ಅವರು ಹೋದರು. ಸಿಸ್ಟರ್ ಸ್ಟೂಲು ಎಳೆದುಕೊಂಡು ಕೂತು, ನನ್ನ ಮುಖಕ್ಕಿಂತ ಕೆಳಗೆ ಬಗ್ಗಿ, ಆ ಗಟ್ಟಿ ದನಿಯನ್ನು ಎಲ್ಲಿಟ್ಟರೋ ಏನೋ, ಮೆಲ್ಲಗೆ "ನಿನ್ನ ಹೆಸರೇನವಾ?" ಅಂದರು.

ಆ ಹೆಸರಿಗಾಗಿ ತಿಂದ ಹೊಡೆತ ನೆನಪಾಯಿತು. ಆದರೂ ಅಂದೆ, "ಗೌರವ್ವ."

ಅವರ ಕೈ ಅಲ್ಲೇ ನಿಂತಿತು. ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದರು. ಕೌಸೂ, ಚಿಲಕದ ಸದ್ದು ಕೇಳಿದರೆ ನಾನು ನಡುಗುತ್ತಿದ್ದೆ. ಆವತ್ತು ಮಾತ್ರ ಅದೇ ಸದ್ದಿಗೆ ಅಳು ಬಂತು. "ಬಂದ್ಯಾ ನಮ್ಮವಾ? ಮಳಿಗಾಲದಿಂದ ನಿನ್ನ ಹಾದಿ ಕಾಯಾಕ್ಹತ್ತೀವಿ. ನಾನು ರಾಜಮಾ" ಅಂದರು. ಪಕ್ಕದಲ್ಲಿ ಪಟ್ಟಿ ಕತ್ತರಿಸುತ್ತಿದ್ದ ಇನ್ನೊಬ್ಬ ಸಿಸ್ಟರ್ ಕೂಡ, "ಗೌರವ್ವ ಬಂದ್ಲಾ!" ಅಂತ ಕತ್ತರಿ ಕೆಳಗಿಟ್ಟಳು. ಯಾರೋ ಬೀಗರ ಮನೆಗೆ ಹೋದ ಹಾಗಾಯಿತು.

"ಮನಿಯಾವ್ರಾ?" ಅಂದರು. ತಲೆ ಅಲ್ಲಾಡಿಸಿದೆ.

"ಡಾಕ್ಟರ್ ಮುಂದ ಹೆಸರ ಹೇಳಬೇಕಾಕ್ಕೈತಿ. ಬರಲಿಲ್ಲಂದ್ರ ಚಿಂತಿಲ್ಲ, ಒಡಪ ಹಾಕು. ನಮ್ಮ ಕೌಸರ ಹೇಳ್ಯಾಳ."

ನಾನೇ ಹೇಳಿಕೊಟ್ಟದ್ದು ನನಗೇ ತಿರುಗಿ ಬಂತು. ಡಾಕ್ಟರರು ಬಂದರು, ಚಿಕ್ಕ ವಯಸ್ಸಿನವರು, ನಗಲಿಲ್ಲ. ನಾನು ಗೋಡೆ ನೋಡುತ್ತ ಹಾಕಿದೆ:

"ಅಟ್ಟದಿಂದ ಬಿದ್ದಳು ಅಂದಾರ, ಅಟ್ಟನ ಇಲ್ಲ ಮನಿಯಾಗಪ್ಪ,
ಕೈ ಹಿಡದವರೇ ಕೈ ಮುರದಾರ, ಹೆಸರು ಅಂದಾನೆಪ್ಪ."

ರಾಜಮಾ ಸಿಸ್ಟರ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಡಾಕ್ಟರರು ಬರೆದುಕೊಂಡರು. ಮನೆಯವರು ಸಾಮಾನು ಹಿಡಿದು ಬರುವ ಹೊತ್ತಿಗೆ ನಾನು ವಾರ್ಡಿನಲ್ಲಿದ್ದೆ, ಸಂರಕ್ಷಣಾಧಿಕಾರಿ ಮೇಡಂ ನನ್ನ ಪಕ್ಕದಲ್ಲಿದ್ದರು. ಮನೆಯವರು ಹೊರಗೆ ಸ್ವಲ್ಪ ಕೂಗಾಡಿದರು. ನರಗುಂದದವರು ಯಾರೋ ಹೊರರೋಗಿಗಳ ಸಾಲಿನಲ್ಲಿ ನಿಂತಿದ್ದು ಕಂಡ ಕೂಡಲೇ ದನಿ ಇಳಿಸಿ ಹೊರಟುಹೋದರಂತೆ.

ಸುದ್ದಿ ತಿಳಿದು ಸಂಜೆ ಅಪ್ಪ ಬಂದ. ಮಂಚದ ಹತ್ತಿರ ನಿಂತು ಕೈಯನ್ನೇ ನೋಡಿದ. "ಹೊಂದಿಕೊಂಡ ಹೋಗು ಅಂದಿದ್ದೆ. ನನ್ನ ನಾಲಿಗಿ ಸುಡ್ಲಿ. ನಡಿ ಮನಿಗಿ" ಅಂದ.

ಬಂದಿದ್ದೇನೆ. ಹೆದರಿಕೆ ಪೂರ್ತಿ ಹೋಗಿಲ್ಲ. ಆದರೆ ನಿನ್ನೆ ಮಧ್ಯಾಹ್ನ ಊಟ ಮಾಡಿ, ಮಗ್ಗದ ಸದ್ದು ಕೇಳುತ್ತ ನಿದ್ದೆ ಹೋಗಿದ್ದೆ. ಹಗಲಲ್ಲಿ, ಹಾಯಾಗಿ.

ಶಾಂಭವಿ

*

ರೋಣ
26 ಅಕ್ಟೋಬರ್ 2009

ನನ್ನ ಶಾಂಭವಿ,

ಪತ್ರವನ್ನು ರಾಜಮಾ ಸಿಸ್ಟರ್ ಮುಂದೆ ಓದಲು ಹೋಗಿ ಅರ್ಧಕ್ಕೇ ಅವರ ಕೈಗೆ ಕೊಟ್ಟುಬಿಟ್ಟೆ. ಉಳಿದದ್ದನ್ನು ಅವರೇ ಓದಿಕೊಂಡು, "ಹುಬ್ಬು ಗಂಟಿಕ್ಕಿದ್ನಂತ ನಾನು? ಬರ್ಲಿ ಆಕಿ, ನೋಡ್ತೀನಿ" ಅಂತ ಗೊಣಗಿದರು.

ನಿಜ ಹೇಳಲಾ? ಮೊದಲು ಹೊಟ್ಟೆಕಿಚ್ಚಾಯಿತು. ನೀನು ಬಂದ ದಿನ ಬಾಗಿಲಿನಲ್ಲಿ ನಾನೇ ನಿಂತಿರಬೇಕು ಅಂತ ಎಷ್ಟು ಸಲ ಕಲ್ಪಿಸಿಕೊಂಡಿದ್ದೆ! ಎರಡು ದಿನ ಕಳೆದ ಮೇಲೆ ಹೊಳೆಯಿತು, ನಾನಿಲ್ಲದೆಯೇ ಆಯಿತಲ್ಲ, ಅದೇ ದೊಡ್ಡದು. ನಾಳೆ ನನಗೆ ವರ್ಗವಾದರೂ, ಜ್ವರ ಬಂದು ಮಲಗಿದರೂ, ಆ ಬಾಗಿಲು ಇರುತ್ತದೆ.

ನಮ್ಮ ಡಾಕ್ಟರರು ಡ್ರೆಸಿಂಗ್ ರೂಮಿನ ಪಕ್ಕದ ಸಾಮಾನಿನ ಕೋಣೆಯನ್ನು ಖಾಲಿ ಮಾಡಿಸಿ ಕೊಟ್ಟಿದ್ದಾರೆ. ಅಲ್ಲಿ ಕೂತು ಮಾತಾಡಿಸಬಹುದು. ಇಂಥವರನ್ನು ಮಾತಾಡಿಸುವ ಕ್ರಮ ಕಲಿಸುವ ತರಬೇತಿಗೆ ನನ್ನ ಹೆಸರು ಕಳಿಸಿದ್ದಾರೆ. ಆಮೇಲೆ ಬಿ.ಎಸ್ಸಿ. ನರ್ಸಿಂಗ್ ಮಾಡು, ಇದನ್ನೇ ಬೇರೆ ದವಾಖಾನೆಯವರಿಗೂ ಕಲಿಸಬಹುದು ಅನ್ನುತ್ತಾರೆ. ನೋಡೋಣ. ಈ ಸಲ ನನ್ನ ದಡ್ಡತನಕ್ಕೂ ಸರ್ಟಿಫಿಕೇಟು ಸಿಗುವ ಹಾಗಿದೆ.

ಕೋಣೆಯಲ್ಲಿ ಬರೀ ಕಲ್ಲಿನ ಕಟ್ಟೆ ಇತ್ತು. ಮೊನ್ನೆ ಅಬ್ಬಾ ಹೇಳದೆ ಕೇಳದೆ ಗಜೇಂದ್ರಗಡದ ಬಸ್ಸಿನ ಮೇಲೆ ಗಾದಿ ಹೇರಿಕೊಂಡು ಬಂದ. ಹೊಸ ಹತ್ತಿ, ಹೂವಿನ ಬಟ್ಟೆ. ಕಟ್ಟೆಯ ಮೇಲೆ ತಾನೇ ಹಾಸಿ, ಕೈಯಿಂದ ತಟ್ಟಿ ನೋಡಿ, "ನೊಂದು ಬಂದಾವರು ಕಲ್ಲಿನ ಮ್ಯಾಲ ಯಾಕ ಕುಂದರಬೇಕು?" ಅಂದ. ಸೌದಿಯ ಮಾತು ಎತ್ತಲಿಲ್ಲ. ಅಷ್ಟು ತಿಂಗಳ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

ಎ.ಎನ್.ಎಂ. ತರಬೇತಿಗೆ ಅರ್ಜಿ ಕರೆದಿದ್ದಾರೆ. ಗೌರವ್ವನನ್ನು ಕೇಳಿ ನೋಡುತ್ತೀಯಾ?

ಕೌಸರ

*

ಗದಗ
30 ಡಿಸೆಂಬರ್ 2009

ಕೌಸೂ,

ಗೌರವ್ವ ಬರುವುದಿಲ್ಲ ಅಂದಳು, ಅವಳಿಗೆ ಜೋಕಾಲಿ ಸಾಕಂತೆ. ಅದಕ್ಕೆ ನಾನೇ ಬಂದೆ. ಹಾಸ್ಟೆಲಿನ ಕಿಟಕಿಯ ಪಕ್ಕ ನನ್ನ ಮಂಚ. ಬಿಳಿ ಸೀರೆಯ ನೆರಿಗೆ ಒಂದೂ ನಿಲ್ಲುವುದಿಲ್ಲ. ಕೈ ಕೂಡಿದೆ, ಚಳಿಗೆ ಸ್ವಲ್ಪ ಹಿಡಿಯುತ್ತದೆ. ಇಂಜೆಕ್ಷನ್ ಕೊಡಲು ಬಲಗೈ ಇದೆಯಲ್ಲ, ಸಾಕು.

ಕೋರ್ಟಿನ ವಿಷಯ ಹೇಳಬೇಕು. ನಾನಿರುವ ಕಡೆ ಅವರು ಬರುವಂತಿಲ್ಲ, ಕೈ ಎತ್ತುವಂತಿಲ್ಲ ಅಂತ ಆದೇಶವಾಗಿದೆ. ಮುಂದಿನದು ಇನ್ನೂ ನಡೆಯಬೇಕು. ಆವತ್ತು ನ್ಯಾಯಾಧೀಶರು "ಗಂಡನ ಹೆಸರು?" ಅಂದಾಗ ಇಡೀ ಕೋಣೆ ನನ್ನ ಕಡೆ ನೋಡಿತು. ಹಿಂದಿನ ಬೆಂಚಿನಲ್ಲಿ ಅವ್ವ ಕೂತಿದ್ದಳು. ವಕೀಲರು ನನ್ನ ಪರವಾಗಿ ಹೇಳಲು ಬಾಯಿ ತೆರೆದರು. ಆ ಹೆಸರಿನವರು ಎದುರಿಗೇ ನಿಂತಿದ್ದರು. ನಾನು ಅವರ ಮುಖ ನೋಡಿ, "ಅಂದಾನೆಪ್ಪ" ಅಂದೆ. ಹಿಂದೆ ಮುಂದೆ ಏನೂ ಸೇರಿಸಲಿಲ್ಲ. ಅವ್ವ "ಶಿವಾ" ಅಂತ ಕೆನ್ನೆಗೆ ಕೈ ಹಚ್ಚಿದಳು. ನ್ಯಾಯಾಧೀಶರು ಬರೆದುಕೊಂಡು ಮುಂದಿನ ಪ್ರಶ್ನೆ ಕೇಳಿದರು. ಅಷ್ಟೇ. ಇಷ್ಟು ವರ್ಷ ಅಷ್ಟೊಂದು ಭಾರ ಹೊತ್ತಿದ್ದ ಹೆಸರು, ಹೇಳಿಬಿಟ್ಟರೆ ನಾಲ್ಕೇ ಅಕ್ಷರ.

ನಿನ್ನೆ ಸಂಜೆ ಹಾಸ್ಟೆಲಿನಲ್ಲಿ ಹುಗ್ಗಿ ಮಾಡಿದ್ದರು. ಹುಡುಗಿಯರಿಗೆ ಉತ್ಸಾಹ ಬಂದು, ಮದುವೆಯಾದವರೆಲ್ಲ ಒಡಪು ಹಾಕಲೇಬೇಕು, ಇಲ್ಲದಿದ್ದರೆ ಊಟವಿಲ್ಲ ಅಂತ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು. ನನ್ನ ಸರದಿ ಬಂತು. ವಿಷಯ ಗೊತ್ತಿದ್ದ ಒಬ್ಬಳು, "ಶಾಂಭವಕ್ಕನ್ನ ಬಿಡ್ರೆ" ಅಂತ ಪಿಸುಗುಟ್ಟಿದಳು. ಎಲ್ಲರೂ ದಾರಿ ಬಿಟ್ಟರು.

ನಾನು ಹೋಗಲಿಲ್ಲ ಕೌಸೂ. ಬಾಗಿಲಿನಲ್ಲೇ ನಿಂತು ಹಾಕಿದೆ:

"ಗೋದಿ ಹುಗ್ಗಿಗಿ ಬೆಲ್ಲ ಬಿದ್ದರ ಬರತೈತಿ ಸವಿ,
ಹೆಸರು ಕೇಳಾವರು ಕೇಳ್ರಿ, ನೆಟ್ಟಗ ಕೊಟ್ಟು ಕಿವಿ,
ಗಂಡನ ಹೆಸರಲ್ಲ, ಅಪ್ಪನ ಹೆಸರಲ್ಲ, ನಾನು ಶಾಂಭವಿ."

ನಿನ್ನ
ಶಾಂಭವಿ